ಅಮ್ಮನನ್ನು ನೋಡೋಕೆ ಬಂದವರಿಗೆ ಮೊದಲು ಟೀ

ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆರು ದಿನ ಇದ್ದೆವು. ನಮ್ಮೂರು ಪಾಂಡವಪುರದ ಕಡೆ. ಆಸ್ಪತ್ರೆ ಸೇರಿದವರನ್ನು ನೋಡೋಕೆ ಹೋಗದಿದ್ದರೆ ನಮ್ಮಲ್ಲಿ ಮುಂದಿನ ಹಬ್ಬದವರೆಗೂ ಮಾತು ಬರುತ್ತೆ. ಆಪರೇಷನ್ನಿನ ಮಾರನೇ ದಿನವೇ ಹನ್ನೊಂದು ಜನ ಬಂದರು. ಬ್ರೆಡ್ಡು, ಮೂಸಂಬಿ, ಎಳನೀರು. ಇಬ್ಬರು ಮಂಚದ ಮೇಲೇ ಕೂತರು. ಮಂಚದ ಪಕ್ಕ ಜೋತಾಡುತ್ತಿದ್ದ ಮೂತ್ರದ ಚೀಲ ನೋಡಿದ ಚಿಕ್ಕಪ್ಪ, "ಯಾರಾದ್ರೂ ತುಳಿದ್ಬುಟ್ಟಾರು" ಅಂತ ಅದನ್ನು ಎತ್ತಿ ಅಮ್ಮನ ಹೊಟ್ಟೆ ಪಕ್ಕ ಇಟ್ಟರು.

ಸಿಸ್ಟರ್ ಬೈದದ್ದು ನನಗೆ, ಚಿಕ್ಕಪ್ಪನಿಗಲ್ಲ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕಂತೆ. ಮೇಲೆತ್ತಿದರೆ ಕೊಳವೆಯಲ್ಲಿದ್ದದ್ದು ವಾಪಸ್ ಒಳಗೆ ಹೋಗಿ ಸೋಂಕಾಗಬಹುದು. ಹಾಗಂತ ನೆಲಕ್ಕೂ ತಾಗಬಾರದು. ಮಂಚದ ಕೊಕ್ಕೆಗೆ ಮತ್ತೆ ನೇತು ಹಾಕಿ, ಕೊಳವೆ ಎಲ್ಲೂ ಮಡಚಿಕೊಂಡಿಲ್ಲ ಅಂತ ಬೆರಳಾಡಿಸಿ ನೋಡಿ ಹೋದರು.

ಅವತ್ತಿಂದ ಬಂದವರನ್ನು ನಾನು ಕೆಳಗೆ ಟೀ ಅಂಗಡಿಯಲ್ಲೇ ಹಿಡಿಯೋಕೆ ಶುರು ಮಾಡಿದೆ. ಟೀ ಕೊಡಿಸಿ ಅಲ್ಲೇ ಸುದ್ದಿಯೆಲ್ಲ ಹೇಳುವುದು. ಎಷ್ಟು ಹೊಲಿಗೆ, ಯಾವಾಗ ನಡೆಸ್ತಾರೆ, ಎಷ್ಟು ಖರ್ಚು. ನಿಜ ಹೇಳಬೇಕೆಂದರೆ ಅರ್ಧ ಜನಕ್ಕೆ ಬೇಕಾಗಿದ್ದದ್ದು ಇಷ್ಟೇ. ಆಮೇಲೆ ಇಬ್ಬಿಬ್ಬರನ್ನೇ ಮೇಲೆ ಕರೆದುಕೊಂಡು ಹೋಗುತ್ತಿದ್ದೆ, ಐದು ನಿಮಿಷಕ್ಕೆ. ಚಿಕ್ಕ ಮಕ್ಕಳನ್ನು ಕೆಳಗೇ ಬಿಡಿಸುತ್ತಿದ್ದೆ. ನಾನು ಬೇಡ ಅಂದರೆ ಸಿಟ್ಟು ಬರುತ್ತೆ, "ಡಾಕ್ಟ್ರು ಬೈತಾರೆ" ಅಂದರೆ ಯಾರಿಗೂ ಬರಲ್ಲ.

ಕೈ ತೊಳೆಸುವುದೇ ದೊಡ್ಡ ಕೆಲಸ. ವಾರ್ಡಿನ ಬಾಗಿಲಲ್ಲಿ ಸ್ಯಾನಿಟೈಸರ್ ಇತ್ತು. ನಮ್ಮವರು ಅದನ್ನು ತೀರ್ಥ ತಗೊಂಡ ಹಾಗೆ ಒಂದು ಹನಿ ಅಂಗೈಗೆ ಹಾಕಿಕೊಳ್ಳುತ್ತಿದ್ದರು. ಒಬ್ಬ ಅಜ್ಜ ತಲೆಗೂ ಸವರಿಕೊಂಡ! ಹೇಳಿದರೆ ಯಾರೂ ಕೇಳಲ್ಲ ಅಂತ ನಾನೇ ಅವರ ಜೊತೆ ನಿಂತು ಉಜ್ಜಿಕೊಂಡೆ. ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ, ಕೈ ಒಣಗುವ ತನಕ. 20-30 ಸೆಕೆಂಡ್ ಬೇಕು. ಕೈ ಕೊಳೆಯಾಗಿದ್ದರೆ ಸೋಪು ನೀರೇ ಸರಿ, ಅದಕ್ಕೆ 40-60 ಸೆಕೆಂಡ್. ಪಕ್ಕದ ಮಂಚದವರಿಗೆ ಭೇದಿ ಶುರುವಾದಾಗಲೂ ಸೋಪಿಗೇ ಹೋದೆವು. ಭೇದಿ ತರುವ ಕೆಲವು ರೋಗಾಣುಗಳು ಸ್ಯಾನಿಟೈಸರಿಗೆ ಜಗ್ಗಲ್ಲ.

ವಾಪಸ್ ಹೋಗುವಾಗಲೂ ಉಜ್ಜಿಸಬೇಕು, ಅದನ್ನು ಎಲ್ಲರೂ ಮರೀತಾರೆ. ನಾನು ಮರೆತದ್ದು ಮೊಬೈಲನ್ನು. ಕೈಯನ್ನೇನೋ ನೀಟಾಗಿ ಉಜ್ಜಿಕೊಂಡು, ದಿನವಿಡೀ ಮಂಚದ ಕಂಬಿ, ಬಾಗಿಲು ಮುಟ್ಟಿದ ಕೈಯಲ್ಲೇ ಆಡಿಸಿದ್ದ ಫೋನನ್ನು ತಕ್ಷಣ ಹಿಡಿಯುತ್ತಿದ್ದೆ. ಮೂರನೇ ದಿನ ಬುದ್ಧಿ ಬಂತು.

ಕಷ್ಟವಾದದ್ದು ಸೋದರಮಾವನ ವಿಷಯ. ಎರಡು ಬಸ್ ಬದಲಾಯಿಸಿ ಬಂದಿದ್ದರು, ಟೀ ಕುಡಿಯುತ್ತಲೇ ಕೆಮ್ಮುತ್ತಿದ್ದರು. ಜ್ವರವೂ ಇತ್ತಂತೆ. ಮೇಲೆ ಬೇಡ ಮಾವ ಅಂದೆ. "ನಾನೇನ್ ಹೊರಗಿನೋನೇನ್ಲಾ?" ಅಂದರು. ಲೋಟ ಕೆಳಗಿಟ್ಟು ಮುಖ ತಿರುಗಿಸಿದರು. ಡಾಕ್ಟರ ಹೆಸರು ಹೇಳಿದರೂ ಅವರ ಹತ್ತಿರ ನಡೆಯಲಿಲ್ಲ. ಕೊನೆಗೆ ಅಲ್ಲೇ ಬೆಂಚಿನ ಮೇಲೆ ಕೂರಿಸಿ, ಮೇಲಿದ್ದ ಅವರ ತಂಗಿಗೆ ವಿಡಿಯೋ ಕಾಲ್ ಮಾಡಿಕೊಟ್ಟೆ. ತೆರೆಯಲ್ಲಿ ಅಣ್ಣನ ಮುಖ ಕಂಡದ್ದೇ ಅಮ್ಮ ಕೇಳಿದಳು, "ಉಂಡ್ಯಾ?"