ಐ-ಜಿ-ಎಚ್-ಟಿ ಬಲೆಯಿಂದ ಪಾರಾಗುವ ಬಗೆ

ಬೆಳಗಿನ ಕಾಫಿಯೊಂದಿಗೆ ನಾನು ತಪ್ಪದೆ ಆಡುವ ಆಟ ವರ್ಡಲ್: 5 ಅಕ್ಷರದ ಇಂಗ್ಲಿಷ್ ಪದ, 6 ಅವಕಾಶ. ಊಹಿಸಿದ ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಜಾಗ ಬೇರೆಯಾದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು. ಕೊನೆಯ ನಾಲ್ಕು ಅಕ್ಷರಗಳು ಐ, ಜಿ, ಎಚ್, ಟಿ ಎಂದು ಹಸಿರಾದರೆ ಹಿಗ್ಗಬೇಡಿ. ಫೈಟ್, ಲೈಟ್, ಮೈಟ್, ಸೈಟ್, ನೈಟ್, ರೈಟ್, ಟೈಟ್, ಏಟ್ ಎಂದು ನಿತ್ಯ ಬಳಕೆಯ ಪದಗಳೇ ಎಂಟಿವೆ! ಒಂದೊಂದನ್ನೇ ಊಹಿಸುತ್ತಾ ಹೋದರೆ ಅವಕಾಶಗಳು ಮುಗಿದುಹೋಗುತ್ತವೆ.

ಬದಲಿಗೆ 'ಫಿಲ್ಮ್ಸ್' ಎಂದು ಬರೆಯಿರಿ. ಎಫ್, ಎಲ್, ಎಂ, ಎಸ್ ನಾಲ್ಕೂ ಒಮ್ಮೆಗೇ ಪರೀಕ್ಷೆಗೆ ಒಳಗಾಗುತ್ತವೆ. ಇವುಗಳಲ್ಲಿ ಬಣ್ಣ ಪಡೆದದ್ದೇ ಮೊದಲಕ್ಷರ. ಯಾವುದಕ್ಕೂ ಬಣ್ಣ ಬರದಿದ್ದರೆ ಮುಂದಿನ ಊಹೆ 'ಎಂಟರ್'. ಮೊದಲ ಇ ಹಸಿರಾದರೆ ಏಟ್, ಎನ್ ಹಳದಿಯಾದರೆ ನೈಟ್, ಆರ್ ಹಳದಿಯಾದರೆ ರೈಟ್, ಮೂರೂ ಬೂದುಬಣ್ಣಕ್ಕೆ ತಿರುಗಿದರೆ ಟೈಟ್. ಟಿ ಹೇಗೂ ಹಳದಿಯಾಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹಾರ್ಡ್ ಮೋಡ್‌ನಲ್ಲಿ ಆಡುವವರಿಗೆ, ಅಂದರೆ ಸಿಕ್ಕ ಸುಳಿವುಗಳನ್ನು ಮುಂದಿನ ಊಹೆಗಳಲ್ಲೂ ಬಳಸಲೇಬೇಕಾದವರಿಗೆ, ಮಾತ್ರ ಈ ದಾರಿ ಮುಚ್ಚಿದೆ.