ಮೊದಲು ಬಿಸಿಲು, ಆಮೇಲೆ ಕರೆಂಟು: ಹಳೇ ವಿಡಿಯೊ ಗೇಮ್ ಪೆಟ್ಟಿಗೆ ರಿಪೇರಿ ಮಾಡುವುದು ಹೇಗೆ?

ಗೋಣಿಕೊಪ್ಪದ ಗುಜರಿ ಅಂಗಡಿಯೊಂದರ ಹಿಂದೆ, ತಗಡಿನ ಮಾಡಿನ ಕೆಳಗೆ ನನಗೆ ಈ ಪೆಟ್ಟಿಗೆ ಸಿಕ್ಕಿತು. ಆಳೆತ್ತರ, ಎರಡು ಜಾಯ್‌ಸ್ಟಿಕ್, ಒಂದರ ತುದಿಯ ಕೆಂಪು ಗುಂಡು ನಾಪತ್ತೆ. ತೊಂಬತ್ತರ ದಶಕದಲ್ಲಿ ಬಸ್ ಸ್ಟ್ಯಾಂಡ್ ಬಳಿಯ ಪಾರ್ಲರಿನಲ್ಲಿ ಇಂಥದ್ದರ ಮುಂದೆ ಟೋಕನ್ ಹಿಡಿದು ಪಾಳಿ ಕಾದವನು ನಾನು, ತಡೆದುಕೊಳ್ಳಲಾಗಲಿಲ್ಲ. ಮನೆಗೆ ತಂದ ಸಂಜೆಯೇ ಪ್ಲಗ್ ಹಾಕಿದೆ. ಟಪ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು, ಮನೆಯ ಫ್ಯೂಸೂ ಹೋಯಿತು. ಟಾರ್ಚ್ ಹಾಕಿ ನೋಡಿದರೆ ಕರೆಂಟ್ ಕನೆಕ್ಷನ್ನಿಗೆ ಅಡ್ಡಲಾಗಿ ಒಣಗಿದ ಹಲ್ಲಿಯೊಂದು ಮಲಗಿತ್ತು. ಅದಕ್ಕೇ ಈ ಲೇಖನದಲ್ಲಿ ಸ್ವಿಚ್ ಒತ್ತುವ ಹಂತ ಬಹಳ ತಡವಾಗಿ ಬರುತ್ತದೆ.

ಕೊಡಗಿನಲ್ಲಿ ಈ ಕೆಲಸಕ್ಕೆ ಸ್ಕ್ರೂಡ್ರೈವರ್‌ಗಿಂತ ಮುಂಚೆ ಕ್ಯಾಲೆಂಡರ್ ಬೇಕು. ಮರದ ಕೆಲಸವೆಲ್ಲ ಜನವರಿಯಿಂದ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವುದರೊಳಗೆ ಮುಗಿಯಲಿ. ವೈರು, ಬಟನ್ನು, ಬೋರ್ಡುಗಳ ಕೆಲಸವನ್ನು ಮಳೆಗಾಲದಲ್ಲಿ ಒಳಗೆ ಕೂತು ಮಾಡಬಹುದು. ಹೊರದೇಶದವರ ವಿಡಿಯೊ ನೋಡಿಕೊಂಡು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಪೇಂಟ್ ಹೊಡೆದರೆ, ಅದು ವಾರ ಕಳೆದರೂ ಬೆರಳಿಗೆ ಅಂಟುತ್ತಲೇ ಇರುತ್ತದೆ. ಕುಶಾಲನಗರದ ಕಡೆಯವರಿಗೆ ಇಷ್ಟು ಗೋಳಿಲ್ಲ. ಭಾಗಮಂಡಲದವರಿಗೆ ವಿವರಿಸುವ ಅಗತ್ಯವೇ ಇಲ್ಲ.

ಪೆಟ್ಟಿಗೆಯ ಬುಡ

ಕೊಳ್ಳುವಾಗ ಪರದೆ ನೋಡಬೇಡಿ, ಬುಡ ನೋಡಿ. ಪ್ಲೈವುಡ್ ಆಗಿದ್ದರೆ ಉಳಿಸಿಕೊಳ್ಳಬಹುದು. ಮರದ ಪುಡಿ ಒತ್ತಿ ಮಾಡಿದ ಹಲಗೆಯಾಗಿದ್ದರೆ ನೆಲದ ನೀರು ಕುಡಿದು, ಕಾಫಿಯಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿರುತ್ತದೆ. ಅದನ್ನು ಒಣಗಿಸಿ ಪ್ರಯೋಜನವಿಲ್ಲ. ನನ್ನದರಲ್ಲಿ ಕೆಳಗಿನ ಆರು ಇಂಚು ಕೊಯ್ದು ತೆಗೆದು, ವಾಟರ್‌ಪ್ರೂಫ್ ಪ್ಲೈವುಡ್ ಜೋಡಿಸಿ, ಅಡಿಗೆ ನಾಲ್ಕು ರಬ್ಬರ್ ಕಾಲು ಕೊಡಬೇಕಾಯಿತು.

ಒಳಗಿನ ಸಾಮಾನು ಬಿಚ್ಚುವ ಮೊದಲು ಪ್ರತಿಯೊಂದು ವೈರಿನ ಫೋಟೊ ತೆಗೆದುಕೊಳ್ಳಿ, ಕಾಗದದ ಚೀಟಿ ಅಂಟಿಸಿ. ಪಿಕ್ಚರ್ ಟ್ಯೂಬನ್ನು ಮಾತ್ರ ಕೆಳಗೆ ಹೇಳಿದ್ದನ್ನು ಓದದೆ ಮುಟ್ಟಬೇಡಿ. ಖಾಲಿಯಾದ ಪೆಟ್ಟಿಗೆಯನ್ನು ಕಾಫಿ ಕಣದ ಅಂಚಿನಲ್ಲಿ, ಅರೆನೆರಳಿನಲ್ಲಿ, ಒಂದು ವಾರ ನಿಲ್ಲಿಸಿ. ನೆತ್ತಿ ಸುಡುವ ಬಿಸಿಲಿಗೆ ನೇರವಾಗಿ ಇಟ್ಟರೆ ಪದರ ಬಿಡುತ್ತದೆ. ಒಣಗಿದ ಬೂಷ್ಟನ್ನು ಹೊರಗಡೆಯೇ, ಮಾಸ್ಕ್ ಕಟ್ಟಿಕೊಂಡು, ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಪಕ್ಕದ ಹಲಗೆಯಲ್ಲಿ ಹಳೇ ಚಿತ್ರ ಉಳಿದಿದ್ದರೆ ಸ್ಯಾಂಡ್ ಪೇಪರ್ ಮುಟ್ಟಿಸುವ ಮೊದಲು ಅದರ ಗೆರೆಗಳನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿಕೊಳ್ಳಿ.

ಹೇಗಿದ್ದರೂ ಬಿಸಿಲಿದೆಯಲ್ಲ ಎಂದು ಗೇಮ್ ಬೋರ್ಡನ್ನೂ ಕಣದಲ್ಲಿ ಹರವಬೇಡಿ. ಆಟದ ಪ್ರೋಗ್ರಾಂ ಇರುವ ಈಪ್ರಾಮ್ ಚಿಪ್ಪುಗಳ ನೆತ್ತಿಯಲ್ಲಿ ಸಣ್ಣ ಗಾಜಿನ ಕಿಟಕಿ ಇರುತ್ತದೆ. ಅದರ ಮೇಲಿನ ಸ್ಟಿಕ್ಕರ್ ಬರೀ ಹೆಸರು ಬರೆಯಲು ಹಚ್ಚಿದ್ದಲ್ಲ. ಅದು ಕಿತ್ತುಹೋಗಿ ಬಿಸಿಲು ದಿನಗಟ್ಟಲೆ ಬಿದ್ದರೆ, ಅದರಲ್ಲಿರುವ ನೇರಳಾತೀತ ಕಿರಣ ಪ್ರೋಗ್ರಾಮನ್ನೇ ಅಳಿಸಿಹಾಕುತ್ತದೆ.

ಕೆಲವು ಬೋರ್ಡುಗಳ ಮೇಲೆ ಸಣ್ಣ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ಹಸಿರಾಗಿ ತಿಂದಿದ್ದರೆ ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಆದ್ದರಿಂದ ಹತ್ತಿಗೆ ಬಿಳಿ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿ ಮಾಡಿ. ಮನೆಯಲ್ಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಇದೆ, ಅದೂ ಹುಳಿಯೇ ತಾನೆ ಎಂದು ಗೆಳೆಯರೊಬ್ಬರು ಕೇಳಿದರು. ಅದನ್ನು ಪಂದಿ ಕರಿಗೇ ಇಟ್ಟುಕೊಳ್ಳಿ, ಬೋರ್ಡಿನ ಮೇಲೆ ಅದರ ಜಿಗುಟು ಬಿಡಿಸುವುದೇ ಇನ್ನೊಂದು ಕೆಲಸವಾದೀತು.

ಬೋರ್ಡಿನ ಅಂಚಿನಲ್ಲಿರುವ ಕನೆಕ್ಟರ್ ಹಲ್ಲುಗಳು ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಒಂದೊಂದು ಬದಿಗೆ 28ರಂತೆ ಒಟ್ಟು 56 ಇದ್ದರೆ ಅದು ಬಹುಪಾಲು ಜಮ್ಮಾ (JAMMA) ಜೋಡಣೆ. ಜಪಾನಿನ ಆಟದ ಯಂತ್ರ ತಯಾರಕರ ಸಂಘ 1985ರಲ್ಲಿ ತಂದ ಈ ಪದ್ಧತಿಯಿಂದಾಗಿ, ಒಂದು ಬೋರ್ಡ್ ಕಿತ್ತು ಇನ್ನೊಂದು ಆಟದ ಬೋರ್ಡ್ ಸಿಕ್ಕಿಸಬಹುದು. 1980ರ ಪ್ಯಾಕ್‌ಮ್ಯಾನ್‌ನಂಥ ಹಳಬರ ವೈರಿಂಗ್ ಬೇರೆ, ಅವಕ್ಕೆ ಅಡಾಪ್ಟರ್ ಬೇಕು.

ಈಗ ಕರೆಂಟು

ಹಿಂಬದಿಯ ಲೇಬಲ್ ಓದಿ. ಜಪಾನಿನಿಂದ ಬಂದದ್ದಾದರೆ 100 ವೋಲ್ಟ್, ಅಮೆರಿಕದ್ದಾದರೆ 120. ನಮ್ಮ 230ಕ್ಕೆ ನೇರ ಕೊಟ್ಟರೆ ಕಥೆ ಮುಗಿದಂತೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಇಲಿ ಕಡಿದ ವೈರುಗಳನ್ನು ಟೇಪ್ ಸುತ್ತಿ ಸಮಾಧಾನ ಮಾಡದೆ ಬದಲಿಸಿ. ಅರ್ಥಿಂಗ್ ತಂತಿ ಲೋಹದ ಭಾಗಗಳಿಗೆ ಸೇರಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ.

ಮೊದಲ ಸಲ ಸೀರಿಸ್ ಬಲ್ಬಿನ ಮೂಲಕವೇ, ಅಂದರೆ ಕರೆಂಟು ಬಲ್ಬನ್ನು ಹಾದೇ ಪೆಟ್ಟಿಗೆಗೆ ಹೋಗುವಂತೆ ಕೊಡಿ. ರೇಡಿಯೊ ರಿಪೇರಿಯವರ ಮೇಜಿನ ಮೇಲೆ ಕಾಣುವ 100 ವ್ಯಾಟಿನ ಹಳೇ ಬಲ್ಬ್ ಇದೇ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಪೆಟ್ಟಿಗೆ ಉಳಿಯುತ್ತದೆ. ನನ್ನ ಬಳಿ ಅಂದು ಇದೊಂದು ಇದ್ದಿದ್ದರೆ ಹಲ್ಲಿಯ ವಿಷಯ ನಿಮಗೆ ಹೇಳಬೇಕಾಗಿರಲಿಲ್ಲ. ಗೇಮ್ ಬೋರ್ಡ್ ಬಿಚ್ಚಿಟ್ಟೇ ಪವರ್ ಸಪ್ಲೈ ಪರೀಕ್ಷಿಸಿ. ಜಮ್ಮಾದಲ್ಲಿ 5 ವೋಲ್ಟ್, 12 ವೋಲ್ಟ್, ಮೈನಸ್ 5 ವೋಲ್ಟ್ ಬರಬೇಕು. ಬೋರ್ಡ್ ಸಿಕ್ಕಿಸಿದ ಮೇಲೆ ಬೋರ್ಡಿನ ಹತ್ತಿರವೇ 5 ವೋಲ್ಟನ್ನು ಮತ್ತೆ ಅಳೆಯಿರಿ, ಇಳಿದಿದ್ದರೆ ಪವರ್ ಸಪ್ಲೈಯ ಸಣ್ಣ ತಿರುಗುಣಿಯನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಪಡಿಸಿ.

ಪಿಕ್ಚರ್ ಟ್ಯೂಬಿನ ವಿಷಯದಲ್ಲಿ ನಾನು ಹವ್ಯಾಸ ಬದಿಗಿಟ್ಟು ಹಳೇ ಟಿವಿ ಮೆಕ್ಯಾನಿಕ್ ಒಬ್ಬರನ್ನು ಕರೆದೆ. ಟ್ಯೂಬಿನ ಬೆನ್ನಿಗೆ ರಬ್ಬರ್ ಬಟ್ಟಲಿನ ಕೆಳಗೆ ಸೇರುವ ದಪ್ಪ ವೈರಿನಲ್ಲಿ 20,000 ವೋಲ್ಟಿನ ಆಸುಪಾಸು ಇರುತ್ತದೆ. ಪ್ಲಗ್ ತೆಗೆದ ಮೇಲೂ ಟ್ಯೂಬ್ ಅದನ್ನು ಹಿಡಿದಿಟ್ಟುಕೊಂಡಿರಬಹುದು. "ಒಂದು ಕೈ ಬೆನ್ನ ಹಿಂದೆ ಇರಲಿ ಮಾರಾಯ್ರೆ, ಎರಡೂ ಕೈ ಹಾಕಿದ್ರೆ ಎದೆ ಮೇಲಿಂದ ಹೋಗ್ತದೆ" ಎಂದರು ಅವರು. ಉದ್ದ ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಸುತ್ತ ಹೋಗುವ ಹೆಣೆದ ಅರ್ಥ್ ತಂತಿಗೆ ಕ್ಲಿಪ್ ಮಾಡಿ, ಆ ರಬ್ಬರಿನ ಅಡಿಗೆ ತೂರಿಸಿದರು. ಚಟ್ ಎಂದು ಕಿಡಿ ಹಾರಿತು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿದರು. ಇಂಥ ಕೆಲಸ ಮಾಡಿ ಗೊತ್ತಿಲ್ಲದವರು ನೋಡುತ್ತಾ ನಿಲ್ಲುವುದೇ ಒಳ್ಳೆಯದು. ಚಿತ್ರ ಅಲುಗಾಡುತ್ತಿದ್ದರೆ, ಬಾಗಿದ್ದರೆ ಬಹುತೇಕ ಒಣಗಿದ ಕಂಡೆನ್ಸರ್‌ಗಳೇ ಕಾರಣ. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ ಶಾಖ ತಾಳುವಂಥವನ್ನು ತನ್ನಿ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಪಟ್ಟೆ ಇರುವ ಕಡೆ ಮೈನಸ್.

ಬಟನ್ನು, ಜಾಯ್‌ಸ್ಟಿಕ್ ಸುಲಭ. ಟಿಕ್ ಎನ್ನದ ಮೈಕ್ರೊಸ್ವಿಚ್ ಬದಲಿಸಿ, ಅಷ್ಟೇ. ಕಾಯಿನ್ ಹಾಕುವ ಭಾಗದಲ್ಲಿ ಅಯಸ್ಕಾಂತ ಇದ್ದರೆ ನಮ್ಮ ಸ್ಟೀಲಿನ ರೂಪಾಯಿಯನ್ನು ಅದು ಹಿಡಿದುಕೊಳ್ಳುತ್ತದೆ, ಹಿತ್ತಾಳೆಯ ಟೋಕನ್ ಸಲೀಸಾಗಿ ಇಳಿಯುತ್ತದೆ.

ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ. ಬಟ್ಟೆಯ ಬೀರುವಿನಲ್ಲಿ ಬೂಷ್ಟು ಬಾರದಂತೆ ಬಲ್ಬ್ ಉರಿಸುತ್ತೇವಲ್ಲ, ಹಾಗೇ ಇದರೊಳಗೂ 15 ವ್ಯಾಟಿನದೊಂದನ್ನು ಮರಕ್ಕೆ, ವೈರಿಗೆ ತಾಗದಂತೆ ತೂಗಿಬಿಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಆಡಿ. ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡಿ, ಮಕ್ಕಳು ಕೊನೆಯ ಲೆವೆಲ್ಲಿನಲ್ಲಿದ್ದರೂ ಸರಿ.