ಸೊಂಟ ಹಿಡಿದ ಮೇಲೆ ಮತ್ತೆ ಕಿಕ್ ಹೊಡೆದದ್ದು

ಕೋಲಾರದ ಎಪಿಎಂಸಿಗೆ ನಮ್ಮ ಟೊಮೆಟೊ ಹೋಗುತ್ತಿದ್ದ ದಿನಗಳು. ರಾತ್ರಿಯೆಲ್ಲ 15 ಕೆಜಿಯ ಬಾಕ್ಸ್‌ಗಳನ್ನು ಟೆಂಪೋಗೆ ತುಂಬಿದ್ದೆ. ಬೆಳಿಗ್ಗೆ ಎದ್ದವನೇ ಜಿಮ್‌ಗೆ ಹೋದೆ. ವಾರ್ಮ್ ಅಪ್ ಮಾಡಲಿಲ್ಲ. ಬಾರ್ ಹೆಗಲ ಮೇಲಿಟ್ಟು ಮುಂದಕ್ಕೆ ಬಗ್ಗಿದೆ. ಸೊಂಟದಲ್ಲಿ ಕಳಕ್ ಅಂತು. ಕರಾಟೆ ಕಲಿಸುವ ನನ್ನನ್ನು ಶಿಷ್ಯರೇ ಎತ್ತಿಕೊಂಡು ಮನೆಗೆ ತಂದರು.

ಮಲಗಿದ್ದಲ್ಲೇ ಬ್ರೂಸ್ ಲೀ ಬಗ್ಗೆ ಓದಿದೆ. ಅವರ ಪೋಸ್ಟರ್ ಚಿಕ್ಕಂದಿನಿಂದ ನಮ್ಮ ಗೋಡೆ ಮೇಲಿತ್ತು. ಬೆನ್ನಿನ ಕಥೆ ಮಾತ್ರ ಗೊತ್ತಿರಲಿಲ್ಲ. 1970ರಲ್ಲಿ ಅವರೂ ವಾರ್ಮ್ ಅಪ್ ಬಿಟ್ಟು, ಸುಮಾರು 60 ಕೆಜಿ ಹೊತ್ತು ಇದೇ ವ್ಯಾಯಾಮ ಮಾಡಿ ಬೆನ್ನು ಕೆಡಿಸಿಕೊಂಡಿದ್ದರು! ಇನ್ನು ಕಿಕ್ ಹೊಡೆಯೋದು ಆಗಲ್ಲ ಅಂದರಂತೆ ಡಾಕ್ಟರು. ಮನೆಯಲ್ಲಿ ಎರಡು ಪುಟ್ಟ ಮಕ್ಕಳು, ಕೈಯಲ್ಲಿ ದುಡ್ಡಿಲ್ಲ. ಹೆಂಡತಿ ಲಿಂಡಾ ಕೆಲಸಕ್ಕೆ ಸೇರಿದರು. ಲೀ ತಿಂಗಳುಗಟ್ಟಲೆ ಮಲಗಿಕೊಂಡೇ ನೋಟ್‌ಬುಕ್ ತುಂಬ ಬರೆದರು. ಮರುವರ್ಷವೇ ಥಾಯ್ಲೆಂಡ್‌ನಲ್ಲಿ ‘ದಿ ಬಿಗ್ ಬಾಸ್’ ಶೂಟಿಂಗ್. ಹಾಂಗ್‌ಕಾಂಗ್‌ನಲ್ಲಿ ಅವರನ್ನು ಸ್ಟಾರ್ ಮಾಡಿದ್ದು ಅದೇ ಸಿನಿಮಾ. ಬೆನ್ನುನೋವು ಪೂರ್ತಿ ಹೋಗಲೇ ಇಲ್ಲ. 1973ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 32.

ನಾನೂ 200 ಪುಟದ ನೋಟ್‌ಬುಕ್ ತರಿಸಿಕೊಂಡೆ. ಒಂದೊಂದು ಕಿಕ್ಕನ್ನೂ ಬಿಡಿಸಿ ಬರೆದೆ. ಮಂಡಿ ಯಾವಾಗ ಏಳುತ್ತೆ, ಸೊಂಟ ಯಾವಾಗ ತಿರುಗುತ್ತೆ, ನಿಂತ ಕಾಲು ಏನು ಮಾಡುತ್ತೆ? ಮಾವಾಶಿ ಗೇರಿ, ಅಂದರೆ ಪಕ್ಕದಿಂದ ಕಾಲು ಸುತ್ತಿಸಿ ಹೊಡೆಯುವ ಕಿಕ್, ಅದರ ಹತ್ತಿರ ಪೆನ್ನು ನಿಂತಿತು. ನಿಂತ ಕಾಲಿನ ಹಿಮ್ಮಡಿ ಗುರಿಯ ಕಡೆಗೆ ತಿರುಗಬೇಕು. ನನ್ನದು ಅರ್ಧಕ್ಕೇ ನಿಲ್ಲುತ್ತಿತ್ತು. ಉಳಿದ ತಿರುವನ್ನೆಲ್ಲ ಸೊಂಟ ಮತ್ತು ಮಂಡಿಯೇ ತಡೆದುಕೊಳ್ಳುತ್ತಿದ್ದವು. ಇಷ್ಟು ವರ್ಷ ಮಕ್ಕಳಿಗೂ ಹಾಗೇ ತೋರಿಸಿದ್ದೆನಲ್ಲ ಅಂತ ತುಂಬಾ ಸಂಕಟವಾಯಿತು.

ಫಿಸಿಯೋ ಹೇಳಿದ ವ್ಯಾಯಾಮ ಒಂದು ದಿನವೂ ತಪ್ಪಿಸಲಿಲ್ಲ. ಮೊದಲು ಸುಮ್ನೆ ನಡಿಗೆ. ಆಮೇಲೆ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು. ಹತ್ತುವುದಕ್ಕಿಂತ ಇಳಿಯುವಾಗ ನೋವು ಜಾಸ್ತಿ. ಹಾಗಾಗಿ ಅರ್ಧ ಹತ್ತಿ, ಅಲ್ಲಿನ ಕಲ್ಲು ಬಸವನ ಬಾಯಿಂದ ಬೀಳುವ ನೀರು ಕುಡಿಯುವ ಆಸೆ ತಡೆದುಕೊಂಡು ವಾಪಸ್ ಬರುತ್ತಿದ್ದೆ. 4ನೇ ತಿಂಗಳು ಗೋಡೆ ಹಿಡಿದು ಮಂಡಿ ಎತ್ತರಕ್ಕೆ ಕಿಕ್ ಶುರು ಮಾಡಿದೆ. ನಿಧಾನವಾಗಿ, ಹಿಮ್ಮಡಿ ನೋಡಿಕೊಂಡು. ಎದೆ ಮಟ್ಟಕ್ಕೆ ಬರಲು ಇನ್ನೂ 5 ತಿಂಗಳು ಹಿಡಿಯಿತು.

ಕ್ಲಾಸಿಗೆ ಮರಳಿದ ದಿನ ಎಲ್ಲರಿಗೂ ನಿಂತ ಕಾಲನ್ನೇ ಮೊದಲಿಂದ ಹೇಳಿಕೊಟ್ಟೆ. ‘ಸಾರ್, ಮುಂಚೆ ಹೀಗೆ ಹೇಳಿರಲಿಲ್ಲ ಅಲ್ವಾ?’ ಅಂದಳು ಒಬ್ಬ ಹುಡುಗಿ. ‘ಹೌದಮ್ಮ, ನಾನು ತಪ್ಪು ಕಲಿಸಿದ್ದೆ’ ಅಂದೆ. ಅವಳು ಹಿಮ್ಮಡಿ ತಿರುಗಿಸಿ ಹೊಡೆದಳು. ಪ್ಯಾಡ್ ಹಿಡಿದಿದ್ದ ನನ್ನ ಕೈ ಜುಮ್ಮೆಂದಿತು.